ಯಲಬುರ್ಗಾದ ಐದನೇ ರೀಲು

ಯಮನೂರಪ್ಪ ಬಿಸರಳ್ಳಿಯವರು ಜೀವಮಾನದಲ್ಲಿ ಮಾಡಿದ್ದು ಏಳೇ ಏಳು ಸಿನಿಮಾ. ಆ ಏಳನ್ನು ಒಂದರಿಂದ ಏಳರವರೆಗೆ ಸಾಲಾಗಿ ನಿಲ್ಲಿಸಿರಿ ಅಂದದ್ದೇ ತಡ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ಅಭಿಮಾನಿಗಳು ಅಣ್ಣತಮ್ಮಂದಿರು ಹೊಲದ ಬದುವಿಗೆ ಬಡಿದಾಡುವ ಹಾಗೆ ಬಡಿದಾಡತೊಡಗಿದರು.

ಬಡಿದಾಟ ನಡೆದದ್ದು ವಾಟ್ಸಪ್ಪಿನಲ್ಲಿ. ಗುಂಪಿನ ಹೆಸರು 'ಬಿಸರಳ್ಳಿ ಬಳಗ', ಅದರಲ್ಲಿ ನೂರಾ ಹನ್ನೆರಡು ಜನ. ಗಂಗಾವತಿಯವರೆಲ್ಲ ಒಗ್ಗಟ್ಟಾಗಿ 'ಹೊಳೆಯಾಚೆ ಹನ್ನೆರಡು ಮನೆ'ಗೆ ಒಂದನೇ ನಂಬರ್ ಕೊಟ್ಟಿದ್ದರು. ಅದರ ಶೂಟಿಂಗ್ ನಡೆದದ್ದು ಸಾಣಾಪುರದಲ್ಲಿ. ಪ್ರತಿಯೊಬ್ಬನ ಸೋದರಮಾವನೋ ದೊಡ್ಡಪ್ಪನೋ ಅದರ ಗದ್ದಲದ ನಡುವೆ ಎಲ್ಲೋ ನಿಂತಿದ್ದ. ಸಿದ್ದಾಪುರದ ಗದ್ದೆ ಕಡೆಯವರಿಗೆ 'ಸೋದರತ್ತೆಯ ಸವಾಲು' ಬಿಟ್ಟರೆ ಬೇರೆ ಸಿನಿಮಾನೇ ಇಲ್ಲ. ಇಟಗಿ ಗುಡಿಯ ಮುಂದೆ ಕುದುರೆ ಓಡಿಸಿದ್ದಾರೆಂಬ ಒಂದೇ ಕಾರಣಕ್ಕೆ ಆ ಸುತ್ತಿನವರು 'ಬಾಡಿಗೆ ಕುದುರೆ' ಅನ್ನುತ್ತಿದ್ದರು. ಕೊಪ್ಪಳದ ನೌಕರಿಯವರದು 'ಕಲ್ಲುಸಕ್ಕರೆಯ ಕೋರ್ಟು'. ಅದಕ್ಕೆ ಪ್ರಶಸ್ತಿ ಬಂದಿತ್ತು, ಪ್ರಶಸ್ತಿ ಬಂದದ್ದನ್ನು ಮೆಚ್ಚುವುದು ಸುಲಭ.

ಕೊನೆಯ ನಂಬರಿನ ಬಗ್ಗೆ ಮಾತ್ರ ಜಗಳವೇ ಇರಲಿಲ್ಲ. ಏಳನೆಯದು 'ತಿರುಗಿ ಬಂದ ಟಪಾಲು'. ತೊಂಬತ್ಮೂರರಲ್ಲಿ ಬಂದು, ಒಂದು ವಾರ ತಿಣುಕಿ, ಡಬ್ಬಿ ಸೇರಿದ ಸಿನಿಮಾ. ಯೂಟ್ಯೂಬಿನವರು ಕೂಡ ಅದನ್ನು ಹಾಕಿರಲಿಲ್ಲ.

ಕುಷ್ಟಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಅಫ್ರೋಜ ಈ ಪಟ್ಟಿಗಳನ್ನು ಒಂದೊಂದಾಗಿ ಓದುತ್ತಿದ್ದ. ಓದಿದಂತೆಲ್ಲ ಮೂಗಿನ ತುದಿ ಕೆಂಪಾಗುತ್ತಿತ್ತು. ಅವನದು ಹುಟ್ಟಾ ಸಿಟ್ಟು. ಏಳನೇ ಇಯತ್ತೆಯಲ್ಲಿದ್ದಾಗ ಮಾಸ್ತರರೊಬ್ಬರು 'ನಿನ್ನ ತಲಿಗೆ ಏನೂ ಹತ್ತಂಗಿಲ್ಲ' ಅಂದದ್ದಕ್ಕೆ ಪಾಟೀಚೀಲ ಅಲ್ಲೇ ಬಿಟ್ಟು ಎದ್ದು ಬಂದವನು. ಚೀಲ ಇನ್ನೂ ಅಲ್ಲೇ ಇದ್ದೀತು. ಈಗ ಇಪ್ಪತ್ತೇಳು ವರ್ಷ. ಗೇಟು, ಕಿಟಕಿ, ಟ್ರಾಲಿ ಏನು ಹೇಳಿದರೂ ಬೆಸೆದು ಕೊಡುತ್ತಾನೆ, ಮಾತು ಮಾತ್ರ ಬೆಸೆಯಲು ಬರುವುದಿಲ್ಲ. ಅವನು ಗುಂಪಿಗೆ ಹಾಕಿದ ಪಟ್ಟಿಯಲ್ಲಿ ಮೊದಲ ಸಾಲು ಹೀಗಿತ್ತು: ಒಂದು, ತಿರುಗಿ ಬಂದ ಟಪಾಲು.

ಅದರ ಕೆಳಗೆ ನಲವತ್ತು ಜನ ಹಲ್ಲು ಕಿಸಿಯುವ ಚಿತ್ರ ಹಾಕಿದ್ದರು.

"ಲೇ ಅಫ್ರೋಜ್ಯಾ, ಸಾವಕಾಶ. ಆ ಗೇಟು ಗಿರಾಕಿದು, ಬಳಗದ್ದಲ್ಲ," ಅಂದ ಅಂಗಡಿಯ ಪಾಲುಗಾರ ಪರಮೇಶ. ಅಫ್ರೋಜ ಸುತ್ತಿಗೆಯಿಂದ ಕೀಲು ಬಡಿಯುತ್ತಿದ್ದ ರೀತಿ ನೋಡಿ ಅವನಿಗೆ ಭಯವಾಗಿತ್ತು.

"ನಗ್ತಾರಲೇ! ಚಲನಚಿತ್ರ ಅಂದ್ರ ಏನಂತ ಗೊತ್ತಿಲ್ಲದ ಮಂದಿ ನಗ್ತಾರ!"

"ನೂರಾ ಹನ್ನೊಂದು ಮಂದಿ ಏಳು ಅಂತಾರ. ನೀ ಒಬ್ಬಾವ ಒಂದು ಅಂತಿ. ನೂರಾ ಹನ್ನೊಂದು ಮಂದಿ ತಲಿ ಒಮ್ಮಿಗೇ ಕೆಡತಾವೇನು?"

"ಕೆಟ್ಟಾವ. ನೀನೂ ನೋಡಿಲ್ಲ, ಅವರೂ ನೋಡಿಲ್ಲ. ನಾ ನೋಡೀನಿ. ಏಳು ವರ್ಷದವ ಇದ್ದೆ. ಯಲಬುರ್ಗಾದ ಟೆಂಟಿನಾಗ, ಉಸುಕಿನ ಮ್ಯಾಲ ಕುಂತು. ಹತ್ತೊಂಬತ್ತು ಸಲ."

"ಹತ್ತೊಂಬತ್ತು? ರೊಕ್ಕ ಯಾರು ಕೊಟ್ರು?"

"ನಮ್ಮ ದಾದಾ, ನಮ್ಮಪ್ಪನ ಅಪ್ಪ, ಅಲ್ಲೇ ಆಪರೇಟರ್ ಇದ್ದನಲೇ. ನನಗ ಯಾರು ಟಿಕೀಟ ಕೇಳ್ತಾರ?"

ಮರುದಿನ ಬಳಗದ ಅಧ್ಯಕ್ಷ ಪಂಪಾಪತಿ ಮಾಸ್ತರರು ಗುಂಪಿನಲ್ಲಿ ಹೊಸ ಸುದ್ದಿ ಹಾಕಿದರು. ಬಿಸರಳ್ಳಿಯವರಿಗೆ ಎಪ್ಪತ್ತೈದು ತುಂಬುತ್ತದೆ. ಮುಂದಿನ ತಿಂಗಳು ಅವರು ಕೊಪ್ಪಳಕ್ಕೆ ಬರಲು ಒಪ್ಪಿದ್ದಾರೆ. ಬಳಗ ಆರಿಸಿದ ಒಂದನೇ ನಂಬರಿನ ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ಅವರ ಜೊತೆಗೇ ಕೂತು ನೋಡುವುದು. ಅದಕ್ಕೆ ಈ ಭಾನುವಾರ ಎಲ್ಲರೂ ಪಟ್ಟಿ ತಂದು, ಎದುರಿಗೆ ನಿಂತು ಓದಿ, ತಮ್ಮ ಒಂದನೆಯದಕ್ಕೆ ಕಾರಣ ಹೇಳತಕ್ಕದ್ದು.

ಅಫ್ರೋಜನಿಗೆ ಅವತ್ತು ಊಟ ಸೇರಲಿಲ್ಲ. 'ಟಪಾಲು' ಸಿನಿಮಾದ ಕೊನೆಯ ಮದುವೆ, ಹಲಗಿಯ ಬಡಿತ, ಹಸಿರು ಸೀರೆಯ ಗೌರಿ ಇವೆಲ್ಲ ದೊಡ್ಡ ಪರದೆಯ ಮೇಲೆ ಇನ್ನೊಂದು ಸಲ ಬರಬೇಕು. ಅದನ್ನು ಮಾಡಿದ ಮನುಷ್ಯ ಅದರ ಮುಂದೆಯೇ ಕೂತಿರಬೇಕು. ಜೀವದಲ್ಲಿ ಅವನು ಇಷ್ಟು ಆಸೆಪಟ್ಟು ಬೇರೆ ಏನನ್ನೂ ಬೇಡಿರಲಿಲ್ಲ.

ಭಾನುವಾರ ಕೊಪ್ಪಳದ ಒಂದು ಕಲ್ಯಾಣ ಮಂಟಪದ ಮೇಲಿನ ಹಾಲಿನಲ್ಲಿ ಐವತ್ತರಷ್ಟು ಜನ ಸೇರಿದರು. ಪಂಪಾಪತಿ ಮಾಸ್ತರರು ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಅಂಕಗಳನ್ನು ಬರೆದುಕೊಳ್ಳುತ್ತಿದ್ದವಳು ನೇತ್ರಾವತಿ, ಬಳಗದ ಕಾರ್ಯದರ್ಶಿ. ಗಂಗಾವತಿಯಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವ ಸ್ಟುಡಿಯೋ ಅವಳದು.

ಅಫ್ರೋಜನ ಸರದಿ ಬಂತು. ಅವನು ಚೀಟಿ ನೋಡಲೇ ಇಲ್ಲ.

"ಟಪಾಲಿನ ದ್ಯಾಮಪ್ಪ, ಗೌಡರ ಮಗಳು ಗೌರಿ. ಇಬ್ಬರೂ ಊರಿಗೆ ಹೇಳದ ಕೇಳದ ಕಟ್ಟಿಗೊಂತಾರ್ರಿ. ಆ ಮದುವಿನ ತೋರ್ಸಂಗೇ ಇಲ್ಲ! ಈಗ ನೋಡಿದ್ರ ಬಾವಿ ಕಟ್ಟಿ ಮ್ಯಾಲ ಮಾತಾಡ್ತಿರ್ತಾರ, ಕಣ್ಣು ಮುಚ್ಚಿ ತಗಿಯೂದ್ರಾಗ ಆಕಿ ಅವನ ಮನ್ಯಾಗ ರೊಟ್ಟಿ ಬಡೀತಿರ್ತಾಳ. ಹೆಂಗದ ಡೈರೆಕ್ಷನ್? ಒಂದು ಮಾತಿಲ್ಲ, ಕತಿಯಿಲ್ಲ, ಓಡಿ ಹೋದ್ರು ಅಂತ ನಮಗ ತಿಳೀತು!"

ಹಾಲಿನಲ್ಲಿ ಯಾರೋ ಕೆಮ್ಮಿದರು. ಅಫ್ರೋಜನ ಕಣ್ಣ ಮುಂದೆ ಆಗಲೇ ಟೆಂಟು ಎದ್ದು ನಿಂತಿತ್ತು.

"ಗೌಡ ಜಡ್ಡು ಬಿದ್ದು ಸಾಯ್ತಾನ. ಆ ಸುದ್ದಿ ತಂದ ಕಾಗದ ದ್ಯಾಮಪ್ಪ ಹೆಂಡತಿಗೆ ಕೊಟ್ಟಿರಂಗಿಲ್ಲ. ಗೊತ್ತಾದ ಮ್ಯಾಲ ಆಕಿ ಬಸ್ ಹತ್ತಿ ಹೋಗ್ತಾಳ. ಇವ ಬರೆದ ಕಾಗದ ತಿರುಗಿ ಬರತೈತಿ. ಪೋಸ್ಟ್ ಆಫೀಸಿನ ಪಾವಟಿಗಿ ಮ್ಯಾಲ ಕುಂತಬಿಡ್ತಾನ. ಎಲ್ಲಾ ಮುಗೀತು ಅಂತೀವಿ. ಅಷ್ಟ್ರಾಗ ಹಲಗಿ!" ಅವನು ಮೇಜಿಗೆ ಎರಡೂ ಕೈಯಿಂದ ಬಡಿದ. ನೇತ್ರಾವತಿಯ ಪೆನ್ನು ಹಾರಿತು. "ಗೌರಿ ಹಸಿರು ಸೀರಿ ಉಟ್ಟು ತಿರುಗಿ ಬಂದಿರ್ತಾಳ. ಇಡೀ ಊರು ಮುಂದ ನಿಂತು ಆ ಇಬ್ಬರಿಗೂ ಮದುವಿ ಮಾಡತೈತಿ. ಸತ್ತ ಗೌಡನ ಅವಳಿ ತಮ್ಮ, ಸೊಲ್ಲಾಪುರದ ಚಿಕ್ಕಪ್ಪ, ರುಮಾಲು ಬೀಸಿ ಬೀಸಿ ಕುಣೀತಾನ. ಅಪ್ಪ ಕೊಡದಿದ್ದ ಮಾಫಿ ಚಿಕ್ಕಪ್ಪ ಕೊಡ್ತಾನ. ಅಲ್ಲಿಗೆ ಸಿನಿಮಾ ಮುಗೀತು. ಇದು ಏಳನೇದೇನ್ರಿ? ನಿಮ್ಮ ಎದಿ ಮುಟ್ಟಿಕೊಂಡು ಹೇಳ್ರಿ!"

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಂದಿನ ಸಾಲಿನ ಗಂಗಾವತಿಯ ಹಿರಿಯರೊಬ್ಬರು ನಿಧಾನಕ್ಕೆ ಕೇಳಿದರು:

"ತಮ್ಮಾ, ಯಾವ ಚಿಕ್ಕಪ್ಪ?"

"ಸೊಲ್ಲಾಪುರದ ಚಿಕ್ಕಪ್ಪ. ಅದರಾಗ ಒಬ್ಬರು ಹೇಳ್ತಾರಲ್ರಿ, 'ಈತ ಗೌಡ ಅಲ್ಲ, ಗೌಡನ ಅವಳಿ ತಮ್ಮ' ಅಂತ."

"ಯಾರು ಹೇಳ್ತಾರ?"

"ಯಾರಂದ್ರ... ಸಿನಿಮಾದಾಗ ಹೇಳ್ತಾರ್ರಿ. ದನಿ ಬರತೈತಿ."

ನಗೆ ಮೊದಲು ಹಿಂದಿನ ಸಾಲಿನಲ್ಲಿ ಸಿಡಿಯಿತು. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ಪಂಪಾಪತಿ ಮಾಸ್ತರರು ಕೈಯೆತ್ತಿ ಸುಮ್ಮನಿರಿಸಿ, "ಸಿಟ್ಟಾಗಬ್ಯಾಡಪ್ಪ. ನಾನು ಆ ಸಿನಿಮಾ ಥೇಟರಿನಾಗ ನೋಡೀನಿ. ನಿರ್ಮಾಪಕರ ಮನೆಯವರ ಕಡಿಂದ ಈಗ ಅದರ ಕಾಪಿನೂ ಬಂದೈತಿ," ಎಂದು ಲ್ಯಾಪ್‌ಟಾಪು ತಿರುಗಿಸಿದರು.

ಬಸ್ಸು ಹೋಯಿತು. ಕಾಗದ ತಿರುಗಿ ಬಂತು. ದ್ಯಾಮಪ್ಪ ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಕೂತ. ಪರದೆ ಕಪ್ಪಾಯಿತು. 'ಮುಕ್ತಾಯ' ಎಂದು ಬಂತು. ಹಲಗಿಯಿಲ್ಲ, ಹಸಿರು ಸೀರೆಯಿಲ್ಲ.

"ಮದುವಿ ಐತಿ," ಅಂದರು ಮಾಸ್ತರರು ಮೆತ್ತಗೆ. "ಆದ್ರ ಮೊದಲಿಗೇ ಐತಿ. ಕುಣಿಯೋನು ಆಕಿ ಅಪ್ಪ, ಆ ಗೌಡನೇ. ಆಗಿನ್ನೂ ಸತ್ತಿರಂಗಿಲ್ಲ."

"ಇದು ಆ ಸಿನಿಮಾನ ಅಲ್ಲ!" ಅಫ್ರೋಜ ಕೂಗಿದ. "ಯಾವನೋ ಕಡದು ಹಿಂದ ಮುಂದ ಮಾಡ್ಯಾನ!"

"ಹೌದಪ್ಪ, ಯಾವನೋ ಮಾಡ್ಯಾನ," ಎಂದು ಹಿಂದಿನಿಂದ ಒಬ್ಬ ಕಿಚಾಯಿಸಿದ. "ಸೊಲ್ಲಾಪುರದಾವ ಇರಬೇಕು."

ಅಫ್ರೋಜ ಚೀಟಿ ಮುದ್ದೆ ಮಾಡಿ ಎಸೆದು ಮೆಟ್ಟಿಲು ಇಳಿದ. ಕೆಳಗೆ ಬೈಕಿನ ಕಿಕ್ಕಿಗೆ ನಾಲ್ಕನೇ ಸಲ ಒದೆಯುವಾಗ ನೇತ್ರಾವತಿ ಓಡಿ ಬಂದಳು.

"ಅಫ್ರೋಜ, ನಿಲ್ಲು. ನೀ ಹೇಳಿದ್ದು ಸುಳ್ಳು ಅಂತ ನನಗ ಅನ್ಸಂಗಿಲ್ಲ. ಸುಳ್ಳು ಹೇಳಾವ ಅಷ್ಟು ಚಂದ ಹೇಳಂಗಿಲ್ಲ. ಎಲ್ಲಿ ನೋಡಿದ್ದಿ?"

"ಯಲಬುರ್ಗಾ ಟೆಂಟಿನಾಗ್ರಿ ಅಕ್ಕಾರ."

"ತೋರ್ಸಿದವ್ರು ಯಾರು?"

"ನಮ್ಮ ದಾದಾ..." ಅಂದ ಅಫ್ರೋಜ. ಟೆಂಟಿನ ಮೈಕಿನ ಹಾರ್ನಿನೊಳಗಿಂದ ಬರುವ ದನಿ ಯಾರದಾದರೂ ಒಂದೇ ಥರ ಕೇಳುತ್ತದೆ, ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ದನಿಯ ಬಗ್ಗೆ ಸಂಶಯ ಬಂತು. ಬೈಕು ಐದನೇ ಒದೆತಕ್ಕೆ ಚಾಲೂ ಆಯಿತು. ಅವನು ನೇರ ಯಲಬುರ್ಗಾಕ್ಕೆ ಹೊಡೆದ.

ದಾದಾ ಅಬ್ದುಲಸಾಬ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಎಪ್ಪತ್ತೆಂಟರ ಮುದುಕ. ದಾದಿ ಕಾಸೀಮಬೀ ಒಳಗೆ ಶೇಂಗಾ ಹುರಿಯುತ್ತಿದ್ದಳು.

"ದಾದಾ, ಸೊಲ್ಲಾಪುರದ ಚಿಕ್ಕಪ್ಪ ಯಾರು?"

ಸುಣ್ಣದ ಬೆರಳು ಎಲೆಯ ಮೇಲೆಯೇ ನಿಂತಿತು. ಒಳಗಿನಿಂದ ದಾದಿ 'ಹಹ್ಹಾ' ಎಂದು ನಕ್ಕಳು. "ಬಂತು ನೋಡು. ನಾ ಹೇಳಿದ್ನಿಲ್ಲ, ಒಂದು ದಿನ ಬರತೈತಿ ಅಂತ!"

"ನೀ ಬಾಯಿ ಮುಚ್ಚು," ಅಂದ ದಾದಾ. ಆಮೇಲೆ ಮೊಮ್ಮಗನ ಮುಖ ನೋಡಿ, ಎಲೆ ಕೆಳಗಿಟ್ಟು, ನೆಲ ನೋಡುತ್ತಾ ಹೇಳತೊಡಗಿದ.

"ಹದಿನಾಕು ರೀಲಿನ ಪಿಚ್ಚರ್ ಅದು, ಬಿಡುಗಡಿ ಆಗಿ ಹನ್ನೆರಡು ವರ್ಷಕ್ಕ ನಮ್ಮ ಟೆಂಟಿಗೆ ಬಂದಿತ್ತು. ಮೊದಲನೇ ದಿನ. ನಮ್ಮದು ಒಂದ ಮಷೀನು, ಒಂದು ರೀಲ್ ಮುಗದ ಮ್ಯಾಲ ಇನ್ನೊಂದು ಏರ್ಸಬೇಕು. ನಾಕು ಮುಗೀತು, ಕೈ ತಪ್ಪಿ ಆರು ಏರ್ಸಿದೆ. ಐದು ಪೆಟಿಗಿ ತಳಕ್ಕ ಉಳದಿತ್ತು. ಹದಿಮೂರು ಓಡೂ ಮುಂದ ಕಣ್ಣಿಗಿ ಬಿತ್ತು. ಮಂದಿ ಹದಿನಾಕು ರೀಲಿಗೆ ರೊಕ್ಕ ಕೊಟ್ಟಾರ, ಹದಿಮೂರು ತೋರ್ಸಿ ಕಳಿಸೋದು ಹರಾಮ್ ಅಲ್ಲೇನು? ಕೊನಿ ರೀಲಿನಾಗ 'ಮುಕ್ತಾಯ' ಬರೂ ಮುಂದ ಬೆಳಕಿಗೆ ಅಂಗೈ ಅಡ್ಡ ಹಿಡದೆ. ಮಂದಿ ಏಳೂದ್ರಾಗ ಐದನೇದು ಏರ್ಸಿಬಿಟ್ಟೆ."

"ಏರ್ಸಿಬಿಟ್ಟಿ!"

"ಏರ್ಸಿದೆ. ಹಲಗಿ ಶುರು ಆತು. ಮಂದಿ ಕುಂತ್ರು. ಅಷ್ಟ್ರಾಗ ಆ ಗೌಡ ಬಂದ ನೋಡು, ಕುಣಕೋತ! ಆಗಳೇ ಅವನ್ನ ಮಣ್ಣು ಮಾಡಿ ಬಂದೀವಿ! 'ಲೇ, ಸತ್ತಾವ ಹೆಂಗ ಬಂದನಲೇ' ಅಂತ ಇಡೀ ಟೆಂಟು ಎದ್ದು ನಿಂತು. ಮೈಕು ಕೈಯಾಗ ಇತ್ತು. ಬಾಯಿಗೆ ಬಂದದ್ದು ಹೇಳಿದೆ. ಗೌಡ ಅಲ್ಲ, ಅವಳಿ ತಮ್ಮ, ಸೊಲ್ಲಾಪುರದಿಂದ ಬಂದಾನ ಅಂತ."

"ಸೊಲ್ಲಾಪುರನ ಯಾಕ?"

"ನಾ ಹೊದ್ದಿದ್ದ ಚಾದರ ಅಲ್ಲೀದು."

ದಾದಿ ಒಳಗಿನಿಂದ ಹೊರಗೆ ಬಂದಳು. ಶೇಂಗಾ ಹುರಿಯುವ ಸೌಟು ಕೈಯಲ್ಲೇ ಇತ್ತು. "ಮರುದಿನದ್ದೂ ಹೇಳು."

"ಮರುದಿನ ಸರಿ ಮಾಡಿದೆ," ಅಂದ ದಾದಾ. "ಐದನೇದು ಐದನೇದಕ್ಕ ಹಾಕಿದೆ. ಪಿಚ್ಚರ್ ಮುಗೀತು. ಮಂದಿ ಎದ್ದು ಹೋಗವಲ್ರು. 'ಮದುವಿ ಎಲ್ಲಿ? ಚಿಕ್ಕಪ್ಪ ಎಲ್ಲಿ? ನಿನ್ನೆ ಬಂದವರಿಗೆ ಒಂದು, ನಮಗೊಂದೇನು?' ಅಂತ ಚಪ್ಪಲಿ ತೂರಿದ್ರು. ಟೆಂಟಿನ ಮಾಲಕ ಬಂದು ನನ್ನ ಕಾಲು ಹಿಡಕೊಂಡ. ಮೂರನೇ ದಿನದಿಂದ ತಪ್ಪನ್ನ ತಪ್ಪದ ಹಂಗ ತೋರ್ಸಿದೆ. ನಲವತ್ತೊಂದು ದಿನ. ದಿನಾ ಅಂಗೈ ಅಡ್ಡ ಹಿಡಿಯೋದು, ದಿನಾ ಮೈಕಿನಾಗ ಚಿಕ್ಕಪ್ಪ ಅನ್ನೋದು."

ಅಫ್ರೋಜ ಕಟ್ಟೆ ಇಳಿದ, ಹತ್ತಿದ, ಮತ್ತೆ ಇಳಿದ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವನು ಎದೆಯೊಳಗಿಟ್ಟುಕೊಂಡು ಇಷ್ಟು ವರ್ಷ ಕಾದದ್ದು ಬಿಸರಳ್ಳಿಯವರ ಸಿನಿಮಾ ಅಲ್ಲವೇ ಅಲ್ಲ. ಪೆಟ್ಟಿಗೆಯ ತಳಕ್ಕೆ ಉಳಿದ ಒಂದು ರೀಲು.

"ಐವತ್ತು ಮಂದಿ ಮುಂದ ನನ್ನ ಮಾನ ಹೋತು ದಾದಾ!"

"ನಂದು ಹೋಗಿ ಇಪ್ಪತ್ತು ವರ್ಷ ಆತು," ಅಂದ ಮುದುಕ. "ಅಷ್ಟು ದೊಡ್ಡ ಮನುಷ್ಯನ ಪಿಚ್ಚರ್ ಕೆಡಿಸಿದವ ನಾನು. ಅವರು ಕೊಪ್ಪಳಕ್ಕ ಬರ್ತಾರಂತಲ್ಲ? ನನ್ನ ಹೆಸರು ಎತ್ತಬ್ಯಾಡ, ನಿನ್ನ ಕೈ ಮುಗೀತೀನಿ. ಇದನ್ನ ಯಾರ ಮುಂದೂ ಹೇಳಿಲ್ಲ ನಾ."

"ನನ್ನ ಮುಂದ ದಿನಾ ಹೇಳ್ಯಾನ," ಅಂದಳು ಕಾಸೀಮಬೀ. "ಕೆಡಿಸಿದ್ನಂತ, ಕೆಡಿಸಿದ್ನಂತ! ಕೆಟ್ಟ ಪಿಚ್ಚರ್ ನಲವತ್ತೊಂದು ದಿನ ಯಾವ ಊರಾಗ ಓಡೈತಿ? ನಾನ ಒಂಬತ್ತು ಸಲ ನೋಡೀನಿ. ಯಲಬುರ್ಗಾದ ಅರ್ಧ ಹೆಣ್ಮಕ್ಕಳು ಆ ವರ್ಷ ಹಸಿರು ಸೀರಿ ತಗೊಂಡ್ರು. ಹೋಗಿ ಹೇಳು ಅವರಿಗೆ!"

ಅಫ್ರೋಜ ಫೋನು ತೆಗೆದು ನೇತ್ರಾವತಿಗೆ ಹಚ್ಚಿದ. ಅವಳು ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡು ಕೇಳಿದಳು. ಆಮೇಲೆ ಅಂದಳು: "ಮಾಸ್ತರ ಕಡಿಂದ ಕಾಪಿ ಇಸ್ಕೊಂತೀನಿ. ನೀ ಅಜ್ಜನ್ನ ಕರಕೊಂಡು ಗಂಗಾವತಿಗೆ ಬಾ. ಐದನೇ ರೀಲು ಎಲ್ಲಿ ಶುರು, ಎಲ್ಲಿ ಮುಗೀತೈತಿ, ಅದು ಅವರಿಗೇ ಗೊತ್ತು."

ಬರುವುದಿಲ್ಲವೆಂದು ದಾದಾ ನಾಲ್ಕು ದಿನ ಹಟ ಹಿಡಿದ. ಐದನೇ ದಿನ ದಾದಿ ಅವನ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ತಂದು ಮಂಚದ ಮೇಲೆ ಒಗೆದಳು. ಅಲ್ಲಿಗೆ ಹಟ ಮುಗಿಯಿತು.

ನೇತ್ರಾವತಿಯ ಸ್ಟುಡಿಯೋದಲ್ಲಿ ಮೂವರೂ ಕಂಪ್ಯೂಟರಿನ ಮುಂದೆ ಕೂತರು. ಸಿನಿಮಾ ಓಡುತ್ತಿತ್ತು, ರೀಲಿನ ಗುರುತು ಯಾವುದೂ ಕಾಣುತ್ತಿರಲಿಲ್ಲ. "ಇದರಾಗ ಹೆಂಗ ಹುಡುಕೋದ್ರಿ ಅಜ್ಜಾರ?" ಅಂದಳು ಅವಳು. ದಾದಾ ಚಿತ್ರವನ್ನು ನೋಡುತ್ತಿರಲಿಲ್ಲ, ಅವನ ಕಣ್ಣು ಪರದೆಯ ಬಲಗಡೆಯ ಮೇಲಿನ ಮೂಲೆಗೆ ಅಂಟಿತ್ತು.

"ಚುಕ್ಕಿ!" ಎಂದು ಕೂಗಿದ. "ತಡಿ, ತಡಿ, ಹಿಂದಕ್ಕ ಹೋಗು."

ನೇತ್ರಾವತಿ ಹಿಂದಕ್ಕೆ ಹೋದಳು. ಮೂಲೆಯಲ್ಲಿ ಒಂದು ಕರಿ ಚುಕ್ಕೆ ರೆಪ್ಪೆ ಬಡಿಯುವಷ್ಟರಲ್ಲಿ ಮಿಂಚಿ ಮಾಯವಾಯಿತು. ಏಳೆಂಟು ಸೆಕೆಂಡಿನ ಮೇಲೆ ಇನ್ನೊಂದು.

"ರೀಲ್ ಮುಗಿಯಾಕ ಬಂತು, ಎಚ್ಚರ ಆಗು ಅಂತ ಆಪರೇಟರಗ ಹೇಳೋ ಚುಕ್ಕಿ ಅದು. ಮಂದಿಗೆ ಕಾಣಂಗಿಲ್ಲ, ನಮಗ ಅದೊಂದ ಕಾಣೋದು. ಇದು ನಾಕನೇದ್ರ ಕೊನಿ. ಇಲ್ಲಿಂದ ಮುಂದಿನ ಚುಕ್ಕಿ ತನಕ ಐದು. ಕಡಿ."

ಅವಳು ಕಡಿದಳು. ನಾಲ್ಕರ ಬಾಲಕ್ಕೆ ಆರನ್ನು ಅಂಟಿಸಿದಳು. ಬಾವಿ ಕಟ್ಟೆ, ತಕ್ಷಣ ರೊಟ್ಟಿ. 'ಮುಕ್ತಾಯ'ವನ್ನು ತೆಗೆದು ಐದನ್ನು ಕೊನೆಗಿಟ್ಟಳು. ಪೂರ್ತಿ ನೋಡಿ ಮುಗಿಸಿದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. "ಮುನ್ನೂರು ಮದುವಿ ಮಿಕ್ಸಿಂಗ್ ಮಾಡೀನಿ. ಇಂಥಾದು ಒಂದೂ ಇಲ್ಲ. ಆದ್ರ ಚಿಕ್ಕಪ್ಪನ ದನಿ ಇಲ್ಲಲ್ರಿ?"

ದಾದಾ ನಾಚಿಕೊಂಡ. ಅವಳು ಮೈಕು ಮುಂದಿಟ್ಟಳು. ಮುದುಕ ಗಂಟಲು ಸರಿಮಾಡಿಕೊಂಡು ಒಂದೇ ಏಟಿಗೆ ಹೇಳಿದ. ಅವನು ಅದನ್ನು ಮರೆತೇ ಇರಲಿಲ್ಲ.

ಬಿಸರಳ್ಳಿಯವರು ಬರುವ ದಿನ ಬಂತು. ಅಂಕ ಕೂಡಿಸಿದಾಗ ಗೆದ್ದದ್ದು 'ಕಲ್ಲುಸಕ್ಕರೆಯ ಕೋರ್ಟು'. ಹನ್ನೊಂದು ಗಂಟೆಗೆ ಅದೇ ಎಂದು ಹಾಲಿನ ಬಾಗಿಲಿಗೇ ಬರೆದು ಅಂಟಿಸಿದ್ದರು. ಅಫ್ರೋಜ ದಾದಾ ದಾದಿಯರನ್ನು ಕೊನೆಯ ಸಾಲಿನಲ್ಲಿ ಕೂರಿಸಿದ. ದಾದಾ ಮಾತ್ರ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡ. ನೇತ್ರಾವತಿಯ ಪರ್ಸಿನಲ್ಲಿ ಪೆನ್‌ಡ್ರೈವು ಇತ್ತು. ಯಾವಾಗ, ಯಾರಿಗೆ, ಹೇಗೆ ಹೇಳುವುದು ಎಂದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

ಬಿಸರಳ್ಳಿಯವರು ಎತ್ತರದ, ಬಿಳಿಗಡ್ಡದ ಮನುಷ್ಯ. ಹಾರ ಹಾಕಿಸಿಕೊಂಡರು, ಚಹಾ ಕುಡಿದರು. ಪಂಪಾಪತಿ ಮಾಸ್ತರರು ಅಂಕಪಟ್ಟಿಯನ್ನು ಚೌಕಟ್ಟು ಹಾಕಿಸಿ ಅವರ ಕೈಗೆ ಕೊಟ್ಟರು. ಬಿಸರಳ್ಳಿಯವರು ಮೊದಲ ಸಾಲು ಬಿಟ್ಟು ಕೊನೆಯ ಸಾಲಿಗೆ ಬೆರಳಿಟ್ಟರು.

"'ಟಪಾಲಿ'ಗೆ ಎಲ್ಲರೂ ಏಳು ಕೊಟ್ಟೀರಿ. ನ್ಯಾಯ ಐತಿ. ಒಬ್ಬರು ಒಂದು ಕೊಟ್ಟಾರಲ್ಲ, ಯಾರವರು?"

ಹಾಲಿನಲ್ಲಿ ಕಿಸಕ್ಕೆಂದು ನಗೆ ಎದ್ದಿತು. "ಕುಷ್ಟಗಿ ಹುಡುಗ ಸರ. ಬಿಡ್ರಿ ಸರ," ಅಂದರು ಮಾಸ್ತರರು.

ಅಫ್ರೋಜ ಎದ್ದು ನಿಂತ. "ನಾನ್ರಿ."

"ಯಾಕಪ್ಪ? ನನ್ನ ಸಂತೋಷಕ್ಕ ಅಂತ ಕೊಟ್ಯೇನು? ಅದು ನನ್ನ ಏಳರಾಗ ಕೆಟ್ಟದ್ದು. ನನ್ನ ಕೇಳಿದ್ರ ನಾನೂ ಏಳನೇದ ಕೊಡ್ತಿದ್ದೆ."

ಆಗ ಅಫ್ರೋಜನ ಸಿಟ್ಟು ನೆತ್ತಿಗೇರಿತು. ಎದುರಿಗಿರುವವರು ಯಾರೆಂಬುದೂ ಮರೆತುಹೋಯಿತು. "ನಿಮ್ಮ ಸಿನಿಮಾ ನಿಮಗ ಗೊತ್ತಿಲ್ರಿ! ನೀವು ಮಾಡೀರಿ ಖರೆ, ಆದ್ರ ಯಲಬುರ್ಗಾದವರು ನೋಡಿದ್ದು ನೀವು ನೋಡಿಲ್ಲ! ಅರ್ಧ ತಾಸು ಕೊಡ್ರಿ. ಆಮ್ಯಾಲ ಏಳು ಅಂದ್ರ ನಾ ಈ ಬಳಗದಾಗ ಕಾಲಿಡಂಗಿಲ್ಲ!"

"ಏ, ಹುಡುಗಾ!" ಎಂದು ಮಾಸ್ತರರು ಎದ್ದರು. ಬಿಸರಳ್ಳಿಯವರು ಅವರ ತೋಳು ಹಿಡಿದು ಕೂರಿಸಿದರು. ಅವರ ಗಡ್ಡದೊಳಗೆ ನಗೆ ಆಡುತ್ತಿತ್ತು. "ಇಪ್ಪತ್ತು ವರ್ಷದಿಂದ ಎಲ್ಲರೂ ಶಾಲು ಹೊದಿಸ್ತಾರ. ಬೈಯಾವ ಇವನೊಬ್ಬ ಸಿಕ್ಕಾನ. ಹಚ್ರಿ, ನೋಡೋಣ."

ನೇತ್ರಾವತಿ ಪೆನ್‌ಡ್ರೈವು ಸಿಕ್ಕಿಸಿ, ಬಾವಿ ಕಟ್ಟೆಯ ಭಾಗವನ್ನು ಮೊದಲು ತೋರಿಸಿದಳು. ಬಾವಿ ಕಟ್ಟೆ, ತಕ್ಷಣ ರೊಟ್ಟಿ. ಬಿಸರಳ್ಳಿಯವರ ಹುಬ್ಬು ಗಂಟಾಯಿತು. "ಮದುವಿ?" ಅಂದರು. "ತಡೀರಿ," ಅಂದ ಅಫ್ರೋಜ. ಅವಳು ಗೌಡನ ಸಾವಿಗೆ ದಾಟಿಸಿದಳು, ಅಲ್ಲಿಂದ ಬಸ್ಸಿಗೆ, ಕಾಗದಕ್ಕೆ, ಪಾವಟಿಗೆಗೆ. ದ್ಯಾಮಪ್ಪ ಕೂತ. ಪರದೆ ಕಪ್ಪಾಯಿತು.

ಹಲಗಿ ಬಡಿಯಿತು.

ಆ ಕತ್ತಲಿನಿಂದಲೇ ಹಸಿರು ಸೀರೆಯ ಗೌರಿ ಬಂದಳು, ಊರು ಬಂತು, ಅಕ್ಕಿಕಾಳು ಹಾರಿತು. ಗೌಡ ರುಮಾಲು ಬೀಸುತ್ತ ಕುಣಿಯುತ್ತಾ ಬಂದಾಗ ಹಾರ್ನಿನಂಥ ದನಿಯೊಂದು ಗುಡುಗಿತು: "ಮಹಾಜನರೇ, ಈತ ತೀರಿಹೋದ ಗೌಡ ಅಲ್ಲ! ಗೌಡನ ಅವಳಿ ತಮ್ಮ! ಸೊಲ್ಲಾಪುರದಿಂದ ಬಂದಾನ! ಎಲ್ಲರೂ ಕುಂತು ನೋಡ್ರಿ!"

ಯಾರು ಮೊದಲು ಸೀಟಿ ಹೊಡೆದರೋ ಗೊತ್ತಿಲ್ಲ. ಗಂಗಾವತಿಯ ಆ ಹಿರಿಯರು ಕುರ್ಚಿ ಬಿಟ್ಟು ಎದ್ದು ಹಲಗಿಗೆ ತಾಳ ಹಾಕುತ್ತಿದ್ದರು. ಹೆಂಗಸರು ಕಣ್ಣೊರೆಸುತ್ತ ನಗುತ್ತಿದ್ದರು. ಕಿಚಾಯಿಸಿದ್ದವನು ತಾನೇ ಟವೆಲ್ಲು ಬೀಸಿ ಚಿಕ್ಕಪ್ಪನಾಗಿದ್ದ. ಅಫ್ರೋಜ ಪರದೆಯನ್ನು ನೋಡಲಿಲ್ಲ, ಬಿಸರಳ್ಳಿಯವರನ್ನೇ ನೋಡುತ್ತಿದ್ದ. ಅವರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು, ಭುಜ ಕುಣಿಯುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ, ಎರಡೂ ಇರಬೇಕು.

ಬೆಳಕು ಬಂದ ಮೇಲೆ ಅವರು ಖಾಲಿ ಪರದೆಯನ್ನೇ ನೋಡುತ್ತ ಗಡ್ಡ ಸವರಿಕೊಂಡರು.

"ಮೂವತ್ತೆರಡು ವರ್ಷ," ಅಂದರು ಕೊನೆಗೆ. "ಎಲ್ಲಿ ಕೆಟ್ಟಿತು, ಎಲ್ಲಿ ಕೆಟ್ಟಿತು ಅಂತ ಹುಡುಕೀನಿ. ಐದನೇ ರೀಲಿಗೇ ಮದುವಿ ಊಟ ಹಾಕಿಬಿಟ್ಟೆ. ಹೊಟ್ಟಿ ತುಂಬಿದ ಮಂದಿ ಆಮ್ಯಾಲ ಯಾಕ ಕೂಡ್ತಾರ? ಚಿಕ್ಕಪ್ಪನ್ನ ಕರೆಸಿದ ಆ ಪುಣ್ಯಾತ್ಮ ಯಾರು?"

ಬಾಗಿಲ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಆದರೆ ದಾದಾ ಮೊದಲ ಮೆಟ್ಟಿಲು ಇಳಿಯುವುದರೊಳಗೆ ಕಾಸೀಮಬೀ ಅವನ ಅಂಗಿಯ ತೋಳು ಹಿಡಿದಿದ್ದಳು. "ಇಲ್ಲದಾನ್ರಿ! ಓಡಿ ಹೊಂಟಾನ!"

ಅಬ್ದುಲಸಾಬ ಕೈ ಮುಗಿದುಕೊಂಡೇ ಬಂದ. "ತಪ್ಪಾಗೇತ್ರಿ ಸಾಹೇಬ್ರ. ಮಂದಿಗೆ ಒಂದು ರೀಲ್ ಕಡಿಮಿ ಆಗಬಾರದು ಅಂತ..."

ಬಿಸರಳ್ಳಿಯವರು ಆ ಮುಗಿದ ಕೈಗಳನ್ನು ಹಾಗೇ ತಮ್ಮ ಕೈಯೊಳಗೆ ಹಿಡಿದುಕೊಂಡರು. "ನನ್ನ ಎಡಿಟರ್ ಮೂರು ತಿಂಗಳು ಕುಂತು ಮಾಡಲಾರದ್ದನ್ನ ನೀವು ಒಂದು ಅಂಗೈಲೆ ಮಾಡೀರಿ. ಎಷ್ಟು ದಿನ ಓಡಿತ್ರಿ?"

"ನಲವತ್ತೊಂದು," ಅಂದಳು ಕಾಸೀಮಬೀ.

"ನಲವತ್ತೊಂದು! ನಂದು ಏಳು ದಿನ, ನಿಮ್ಮದು ನಲವತ್ತೊಂದು!" ಅವರು ದಾದಾನನ್ನು ಎಳೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ತಮ್ಮ ಕೊರಳಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದರು. ಮುದುಕ ಹಾರದೊಳಗೆ ಮುಖ ಹುದುಗಿಸಿದ, ಮೇಲೆತ್ತಲೇ ಇಲ್ಲ.

ಆಮೇಲೆ ಬಿಸರಳ್ಳಿಯವರು ಚೌಕಟ್ಟಿನ ಗಾಜು ಬಿಚ್ಚಿಸಿ ಪಟ್ಟಿ ಹೊರತೆಗೆಸಿದರು. ಪೆನ್ನು ಕೇಳಿದರು. ಅದರ ಬೆನ್ನಿಗೆ ಒಂದರಿಂದ ಏಳರವರೆಗೆ ತಮ್ಮದೇ ಪಟ್ಟಿ ಬರೆಯತೊಡಗಿದರು. ಇಡೀ ಬಳಗ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿತು. ಒಂದು, ಹೊಳೆಯಾಚೆ ಹನ್ನೆರಡು ಮನೆ. ಗಂಗಾವತಿಯವರು ಕೇಕೆ ಹಾಕಿದರು. ಎರಡು, ಕಲ್ಲುಸಕ್ಕರೆಯ ಕೋರ್ಟು. ಮೂರು, ತಿರುಗಿ ಬಂದ ಟಪಾಲು, ಕಂಸದಲ್ಲಿ ಯಲಬುರ್ಗಾದ್ದು.

"ಮೂರ?" ಅಂದ ಅಫ್ರೋಜ.

"ಏಳರಿಂದ ಮೂರಕ್ಕ ಬಂತಲ್ಲೋ!"

"ಮೂರ ಯಾಕ್ರಿ? ಈಗ ಸೀಟಿ ಹೊಡೆದ್ರಲ್ಲ ಇವರೆಲ್ಲ, 'ಕೋರ್ಟಿ'ಗೆ ಹೊಡೀತಾರೇನು? ನೀವು ಅತ್ತಿದ್ದು ನಾ ನೋಡೀನಿ!"

"ಅದು ನಗೂ ಇತ್ತು."

"ಸುಳ್ಳು ಹೇಳಬ್ಯಾಡ್ರಿ ಸರ! ದಾದಾ, ನೀನರ ಹೇಳು!"

ದಾದಾ ಹಾರದೊಳಗಿಂದ ಮುಖ ಎತ್ತಿ, ಮೆಲ್ಲಗೆ ಅಂದ: "ನನ್ನ ಕೇಳಿದ್ರ ನಾಕನೇದು. ನಲವತ್ತೊಂದು ದಿನ ಒಂದ ಪಿಚ್ಚರ್ ನೋಡಿದವರಿಗೆ ಗೊತ್ತಾಗತೈತಿ. ನನಗ 'ಸೋದರತ್ತಿ'ನ ಒಂದನೇದು."

"ನೀನೂನ?" ಅಫ್ರೋಜ ಕೂಗಿದ ಕೂಗಿಗೆ ಕೆಳಗಿನ ಅಡುಗೆಯವರು ಇಣುಕಿ ನೋಡಿದರು.

ಬಿಸರಳ್ಳಿಯವರು ಕುರ್ಚಿ ಎಳೆದು ಅವನನ್ನು ಎದುರಿಗೆ ಕೂರಿಸಿದರು. ಪಂಪಾಪತಿ ಮಾಸ್ತರರು ಊಟಕ್ಕೆ ಕರೆಯಲು ಎರಡು ಸಲ ಬಂದು ಹೋದರು. ಮೂರನೇ ಸಲ ಬಂದವರು ತಾವೂ ಒಂದು ಕುರ್ಚಿ ಎಳೆದುಕೊಂಡು 'ಕೋರ್ಟಿ'ನ ಪರವಾಗಿ ವಾದಕ್ಕೆ ಇಳಿದರು. ಕೆಳಗೆ ಬದನೆಕಾಯಿ ಪಲ್ಯ ಆರುತ್ತಿತ್ತು, ರೊಟ್ಟಿ ಕಟಕಟಿಯಾಗುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಬಿಸರಳ್ಳಿಯವರು ಮೂರನ್ನು ಹೊಡೆದುಹಾಕಿ ಎರಡು ಎಂದು ಬರೆದರು. ಅಲ್ಲಿಂದ ಮೇಲೆ ಏರಲು ಅವರು ಒಪ್ಪಲಿಲ್ಲ. ಎರಡಕ್ಕೆ ಇಳಿಯಲು ಅಫ್ರೋಜನೂ ಒಪ್ಪಲಿಲ್ಲ.